ಗಾಲಿಯ ಮೇಲಿನ ಮನೆ, ಪೆಟ್ಟಿಗೆಯೊಳಗಿನ ವಿದ್ಯುತ್ತು

ಮನೆಯು ಸ್ಥಾವರವಾದರೆ ಬಂಡಿಯು ಜಂಗಮ. ಇವೆರಡನ್ನೂ ಒಂದುಗೂಡಿಸಬೇಕೆಂಬ ಹಂಬಲ ಮನುಷ್ಯನಿಗೆ ಬಹು ಹಿಂದಿನಿಂದಲೂ ಇದೆ. ಒಂಟೆಗಳ ಸಾಲಿನೊಡನೆ ಮರುಭೂಮಿಯನ್ನು ದಾಟುತ್ತಿದ್ದ ವ್ಯಾಪಾರಿಗಳ ತಂಡಕ್ಕೆ ಪಾರಸಿ ಭಾಷೆಯಲ್ಲಿ 'ಕಾರವಾನ್' ಎಂದು ಹೆಸರು. ಆ ಶಬ್ದವೇ ಯುರೋಪನ್ನು ಸೇರಿ, ಕಾಲಕ್ರಮದಲ್ಲಿ ಗಾಲಿಗಳ ಮೇಲೆ ಸಾಗುವ ಮನೆಗೆ ಹೆಸರಾಯಿತು. ನಮ್ಮ ಉತ್ತರ ಕರ್ನಾಟಕದವರಿಗಾದರೋ ಈ ಕಲ್ಪನೆ ಹೊಸದಲ್ಲ. ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುವ ಉಳವಿಯ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಗಳ ಒಕ್ಕಲುಮಕ್ಕಳು ಕೊಲ್ಲಾರಿ ಬಂಡಿ ಹೂಡಿಕೊಂಡು, ಬುತ್ತಿ, ಹಾಸಿಗೆ, ಎತ್ತುಗಳ ಮೇವು, ಕಂದೀಲು ಎಲ್ಲವನ್ನೂ ಹೇರಿಕೊಂಡು ಹೊರಡುತ್ತಿದ್ದರು. ಇಂದಿಗೂ ಹಲವರು ಹೊರಡುತ್ತಾರೆ. ಹೊತ್ತು ಮುಳುಗಿದಲ್ಲಿ ಕೊರಳು ಬಿಟ್ಟು, ಬಂಡಿಯ ಕೆಳಗೋ ಒಳಗೋ ಮಲಗಿ, ಬೆಳಗಾದೊಡನೆ ಮುಂದಕ್ಕೆ ಸಾಗುವ ಆ ಪಯಣದಲ್ಲಿ ಮನೆ ಮತ್ತು ದಾರಿಗಳ ನಡುವೆ ಗೋಡೆಯೇ ಇರುತ್ತಿರಲಿಲ್ಲ.

ಕೇವಲ ವಿಹಾರಕ್ಕೆಂದೇ ಇಂತಹ ಬಂಡಿಯನ್ನು ಕಟ್ಟಿಸಿದವರಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯನ ಹೆಸರನ್ನು ಮೊದಲಿಗೆ ಹೇಳುತ್ತಾರೆ. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದ ಈತನು 1885ರಲ್ಲಿ ಬ್ರಿಸ್ಟಲ್ ನಗರದ ಬಂಡಿ ಕಾರ್ಖಾನೆಯೊಂದರಿಂದ 'ವಾಂಡರರ್' ಎಂಬ ಮರದ ಮನೆಬಂಡಿಯನ್ನು ಮಾಡಿಸಿ, ಎರಡು ಕುದುರೆಗಳನ್ನು ಹೂಡಿ ದೇಶ ಸುತ್ತಿದನು. ಮುಂದೆ ಅಮೆರಿಕೆಯಲ್ಲಿ ಹೆನ್ರಿ ಫೋರ್ಡ್, ಥಾಮಸ್ ಎಡಿಸನ್, ಹಾರ್ವೆ ಫೈರ್‌ಸ್ಟೋನ್ ಮೊದಲಾದವರು ಬೇಸಿಗೆಯಲ್ಲಿ ಕಾರುಗಳ ಸಾಲಿನೊಡನೆ ಕಾಡುಮೇಡುಗಳಲ್ಲಿ ಬಿಡಾರ ಹೂಡುತ್ತಿದ್ದಾಗ, ಎಡಿಸನ್ನನು ತನ್ನ ಬ್ಯಾಟರಿಗಳನ್ನು ಹೊತ್ತು ತಂದು ಡೇರೆಗಳಲ್ಲಿ ವಿದ್ಯುದ್ದೀಪಗಳನ್ನು ಬೆಳಗಿಸುತ್ತಿದ್ದನು. ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆಯು 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಮಂಚ, ಕಪಾಟುಗಳನ್ನು ಹೊಂದಿಸಿದ ಮೇಲೆ ಈ ಹವ್ಯಾಸವು ಸಾಮಾನ್ಯ ಸಂಸಾರಿಗಳ ಕೈಗೂ ಎಟುಕಿತು.

ಇಷ್ಟು ಪೀಠಿಕೆ ಸಾಕು. ನಾವು ಹೇಳಬೇಕೆಂದಿರುವುದು ಧಾರವಾಡದ ಒಂದು ಹಿತ್ತಿಲಿನಲ್ಲಿ ಕಳೆದ ವರ್ಷ ಸಿದ್ಧವಾದ ಒಂದು ಗಾಡಿಯ ಸಂಗತಿಯನ್ನು. ಅದನ್ನು ಕಟ್ಟಿದವನು ನಮ್ಮ ಸೋದರಳಿಯ. ಐ.ಟಿ.ಐ. ಓದಿ, ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿ ಸೇರಿ, ಫೋರ್‌ಮನ್ ಆದವನು. ಕಟ್ಟಿದ್ದು ತನ್ನ ವಿನೋದಕ್ಕಲ್ಲ. ಅವನ ತಾಯಿ, ಎಂದರೆ ನಮ್ಮ ಅಕ್ಕ, ಎಪ್ಪತ್ತೆರಡು ವರ್ಷದವರು. ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಸಲ ಇನ್ಸುಲಿನ್ ಬೇಕು. ಮೊಣಕಾಲು ಸವೆದಿರುವುದರಿಂದ ಕುಕ್ಕರುಗಾಲಿನಲ್ಲಿ ಕೂಡಲಾಗದು. ರಾತ್ರಿ ಮೂರು ನಾಲ್ಕು ಬಾರಿ ಏಳಬೇಕು. ಈ ಮೂರು ಕಾರಣಗಳಿಂದ ಅವರು ಆರು ವರ್ಷಗಳಿಂದ ಊರು ಬಿಟ್ಟಿರಲಿಲ್ಲ. ಹೆಣ್ಣುಮಕ್ಕಳು ಇಂತಹ ಕಷ್ಟವನ್ನು ಬಾಯಿಬಿಟ್ಟು ಹೇಳುವುದಿಲ್ಲ. "ನನಗೆ ಎಲ್ಲೂ ಹೋಗೂ ಮನಸಿಲ್ಲ" ಎಂದುಬಿಡುತ್ತಾರೆ. ಮನೆಯವರೂ ಅದನ್ನೇ ನಂಬುತ್ತಾರೆ. ನಮ್ಮ ಅಳಿಯನು ನಂಬಲಿಲ್ಲವೆಂಬುದೇ ಈ ಲೇಖನಕ್ಕೆ ಕಾರಣ.

ಬಂಧುಗಳು ನಕ್ಕರು. ಈ ದುಡ್ಡಿನಲ್ಲಿ ಹತ್ತು ವರ್ಷ ಒಳ್ಳೆಯ ವಸತಿಗೃಹಗಳಲ್ಲಿ ಇಳಿಯಬಹುದೆಂದರು. ಆ ಮಾತು ನಿಜವೇ. ಹಣ ಉಳಿಸಲೆಂದು ಯಾರೂ ಇಂತಹ ಗಾಡಿಯನ್ನು ಕಟ್ಟಬಾರದು. ಆದರೆ ಪ್ರತಿ ರಾತ್ರಿಯೂ ಅದೇ ಹಾಸಿಗೆ, ಅದೇ ಎತ್ತರದ ಕಮೋಡು, ಕೈಗೆಟುಕುವಲ್ಲಿ ಅದೇ ಹಿಡಿಕೆ, ಕಣ್ಣೆದುರಿಗೇ ಔಷಧದ ತಂಪುಪೆಟ್ಟಿಗೆ ಇರಬೇಕಾದವರಿಗೆ ವಸತಿಗೃಹವು ಉತ್ತರವಲ್ಲ.

ಗಾಡಿಯು ಹಳೆಯ ಟೆಂಪೋ ಟ್ರಾವೆಲರ್. ಅದಕ್ಕೆ ಕೈಹಚ್ಚುವ ಮೊದಲು ಅವನು ಕಾನೂನನ್ನು ವಿಚಾರಿಸಿದನು; ಓದುಗರೂ ಹಾಗೆಯೇ ಮಾಡಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳು ತಯಾರಕರು ನಿಗದಿಪಡಿಸಿದುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾಲೀಕನು ಮನಬಂದಂತೆ ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ದೃಢಪಡಿಸಿತು. ಅದೇ ವರ್ಷದ ತಿದ್ದುಪಡಿಯು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಿದೆ. ವಾಸಯೋಗ್ಯ ಮೋಟಾರು ವಾಹನಗಳಿಗೆಂದೇ ಎ.ಐ.ಎಸ್. 124 ಎಂಬ ಮಾನಕವೊಂದಿದೆ. ಆದುದರಿಂದ ಆಸನಗಳನ್ನು ತೆಗೆದು ಮಂಚ, ಬೆಲ್ಟಿನ ಕುರ್ಚಿಗಳನ್ನು ಕೂಡಿಸುವ ಕೆಲಸವನ್ನು ನಮ್ಮ ಅಳಿಯನು ಮಾನ್ಯತೆಯಿರುವ ಬಾಡಿ ಕಟ್ಟುವವರಿಂದ ಮಾಡಿಸಿ, ಆರ್.ಟಿ.ಓ. ಕಚೇರಿಯಲ್ಲಿ ಪತ್ರಗಳನ್ನು ತಿದ್ದಿಸಿ, ವಿಮೆಯವರಿಗೂ ಬರೆದು ತಿಳಿಸಿದನು. ತಿಳಿಸದೇ ಇದ್ದಲ್ಲಿ ಅಪಘಾತದ ದಿನ ವಿಮೆಯವರು ಕೈಯೆತ್ತುವರು. ಒಳಗಿನ ಮರಗೆಲಸ, ನೀರು, ವಿದ್ಯುತ್ತು ಮಾತ್ರ ಅವನ ಸ್ವಂತ ಕೈಕೆಲಸ.

ಮರಗೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೂಕವೇ ಶತ್ರುವೆಂಬುದೊಂದನ್ನು ನೆನಪಿಟ್ಟರೆ ಸಾಕು. ಎಂಟಡಿ ನಾಲ್ಕಡಿಯ 18 ಮಿ.ಮೀ. ಪ್ಲೈವುಡ್ ಹಲಗೆಯೊಂದು 35 ಕಿಲೋ ಮೀರುತ್ತದೆ; 12 ಮಿ.ಮೀ. ಹಲಗೆ 24 ಕಿಲೋ ಆದೀತು. ನೂರು ಲೀಟರು ನೀರೆಂದರೆ ನೂರು ಕಿಲೋ. ನಮ್ಮ ಹಳೆಯ ಮನೆಗಳ ತೇಗದ ಕಪಾಟಿನ ಗತ್ತು ಇಲ್ಲಿ ನಡೆಯದು.

ವಿದ್ಯುತ್ತಿನ ವಿಷಯಕ್ಕೆ ಬರೋಣ. ಎಲ್ಲದರ ತಿರುಳು ಅಲ್ಲಿದೆ. ಮಠದ ಪಾಠಶಾಲೆಯಲ್ಲಿ ತರ್ಕ ವ್ಯಾಕರಣಗಳನ್ನು ಓದಿದ ನಮಗೆ ಈ ವಿದ್ಯೆ ಕಬ್ಬಿಣದ ಕಡಲೆಯಾದೀತೆಂದು ಅಳಿಯನು ಶಂಕಿಸಿದ್ದನು. "ಮಾಮಾ, ಇದು ಬರೇ ಕಣಜದ ಲೆಕ್ಕ" ಎಂದು ಅವನೇ ದಾರಿ ತೋರಿದನು. ಕಣಜದಲ್ಲಿ ಎಷ್ಟು ಜೋಳವಿದೆ, ದಿನಕ್ಕೆಷ್ಟು ಖರ್ಚು, ಹೊಲದಿಂದ ಎಷ್ಟು ಬರುತ್ತದೆ, ಇಷ್ಟೇ ಪ್ರಶ್ನೆ. ಬ್ಯಾಟರಿಯು ಕಣಜ, ಅಳತೆಯ ಸೇರು ವ್ಯಾಟ್-ಅವರ್. ಒಂದು ಸಾಧನವು ಸೆಳೆಯುವ ವ್ಯಾಟುಗಳನ್ನು ಅದು ನಡೆಯುವ ತಾಸುಗಳಿಂದ ಗುಣಿಸಿದರೆ ಖರ್ಚು ತಿಳಿಯುತ್ತದೆ. ಇಂತಹ ಸಾವಿರ ವ್ಯಾಟ್-ಅವರ್ ಸೇರಿದರೆ ನಮ್ಮ ಮನೆಯ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್.

ಅವನು ಬರೆದಿಟ್ಟ ಚೀಟಿ ನಮ್ಮ ಮುಂದಿದೆ. ಐದು ವ್ಯಾಟಿನ ನಾಲ್ಕು ಎಲ್.ಇ.ಡಿ. ದೀಪಗಳು ನಾಲ್ಕು ತಾಸು ಉರಿದರೆ 80. ಇಪ್ಪತ್ತೈದು ವ್ಯಾಟಿನ ಫ್ಯಾನು ಎಂಟು ತಾಸು ತಿರುಗಿದರೆ 200. ನಲವತ್ತು ಲೀಟರಿನ 12 ವೋಲ್ಟ್ ತಂಪುಪೆಟ್ಟಿಗೆಯ ಕಂಪ್ರೆಸರು 45 ವ್ಯಾಟಿನದು. ಬೇಸಿಗೆಯಲ್ಲಿ ದಿನದ ಅರ್ಧದಷ್ಟು ಕಾಲ ಓಡುತ್ತದೆಂದು ಹಿಡಿದರೆ 500ರ ಮೇಲೆ. ನೀರಿನ ಪಂಪು ಹದಿಮೂರು, ಫೋನುಗಳು ನಲವತ್ತೈದು. ಒಟ್ಟು ಸುಮಾರು 880. ಸೋರಿಕೆ ಕೂಡಿಸಿದರೆ 950. ದಿನಕ್ಕೆ ಒಂದು ಯೂನಿಟಿಗಿಂತ ಕಡಿಮೆ! ಇದರ ಅರ್ಧಕ್ಕಿಂತ ಹೆಚ್ಚು ಪಾಲನ್ನು ಆ ಚಿಕ್ಕ ಪೆಟ್ಟಿಗೆಯೇ ನುಂಗುತ್ತದೆಂಬುದನ್ನು ವಾಚಕರು ಗಮನಿಸಬೇಕು.

ಚೀಟಿಯಲ್ಲಿ ಇಲ್ಲದಿರುವುದೂ ಮುಖ್ಯವೇ. ಹವಾನಿಯಂತ್ರಣವಿಲ್ಲ. ಒಂದು ಟನ್ನಿನ ಯಂತ್ರವು ಓಡುವಾಗ ಸಾವಿರ ವ್ಯಾಟಿನ ಸುತ್ತಮುತ್ತ ಬೇಡುತ್ತದೆ. ಒಂದೇ ರಾತ್ರಿಗೆ ಈ ಕಣಜ ಬರಿದಾದೀತು. ಇಂಡಕ್ಷನ್ ಒಲೆಯೂ ಇಲ್ಲ. ಎರಡು ಸಾವಿರ ವ್ಯಾಟಿನ ಒಲೆಯನ್ನು 12 ವೋಲ್ಟಿನಿಂದ ನಡೆಸಹೊರಟರೆ 165 ಆಂಪಿಯರಿಗೂ ಹೆಚ್ಚು ಪ್ರವಾಹ ಬೇಕು. ಹೆಬ್ಬೆರಳು ಗಾತ್ರದ ತಂತಿ ಬೇಕು. ಅಕ್ಕನವರು ಮಿಕ್ಸರ್ ಕೇಳಿದ್ದರು. ಅದು 750 ವ್ಯಾಟಿನದಾದರೂ ಐದು ನಿಮಿಷಕ್ಕೆ ಅರವತ್ತೆರಡು ವ್ಯಾಟ್-ಅವರ್ ಮಾತ್ರ ತಿನ್ನುವುದರಿಂದ ಅಳಿಯನು ಒಪ್ಪಿ, ಅದಕ್ಕೆಂದೇ ಒಂದು ಇನ್ವರ್ಟರನ್ನು ಕೂಡಿಸಿದನು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಡುವ ನಾಡಿನಲ್ಲಿ ಮಿಕ್ಸರಿನ ಅಗತ್ಯವೇ ನಮಗೆ ಕಾಣದು; ಆದರೆ ಅಕ್ಕನ ಎದುರಿಗೆ ಈ ಮಾತನ್ನು ಆಡುವವರಾರು?

ಇನ್ನು ಕಣಜ. ಮನೆಗಳ ಇನ್ವರ್ಟರಿನ ಪಕ್ಕದಲ್ಲಿ ಕೂಡುವ ಸೀಸದ ಬ್ಯಾಟರಿಯು ಫ್ರಾನ್ಸಿನ ಗಾಸ್ತೊ ಪ್ಲಾಂಟೆಯು 1859ರಲ್ಲಿ ಕಂಡುಹಿಡಿದ ತತ್ತ್ವದ ಮೇಲೆಯೇ ಇಂದಿಗೂ ನಡೆದಿದೆ. ಅಗ್ಗ, ಎಲ್ಲ ಊರಲ್ಲೂ ರಿಪೇರಿಯಾಗುವಂಥದು. ಆದರೆ 150 ಆಂಪ್-ಅವರಿನ ಒಂದು ಬ್ಯಾಟರಿಯೇ ಐವತ್ತು ಕಿಲೋ ಮೀರುತ್ತದೆ. ಅರ್ಧಕ್ಕಿಂತ ಹೆಚ್ಚು ಬರಿದು ಮಾಡುತ್ತ ಹೋದರೆ ಆಯುಸ್ಸು ಬೇಗ ಕ್ಷಯಿಸುತ್ತದೆ. ಮಲಗುವ ಕೋಣೆಯಲ್ಲಿ ಆಮ್ಲವೂ ಹೈಡ್ರೋಜನ್ ಅನಿಲವೂ ಬೇಡವೆಂಬುದು ಇನ್ನೊಂದು ವಿಚಾರ. ಆದುದರಿಂದ ಅಳಿಯನು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಆಯ್ದನು. ಇದರ ಮೂಲವು 1997ರಲ್ಲಿ ಅಮೆರಿಕೆಯ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಹೊರಬಂದ ಒಂದು ಸಂಶೋಧನ ಲೇಖನ. ಅದರ ಕರ್ತೃಗಳು ಪಾಢಿ, ನಂಜುಂಡಸ್ವಾಮಿ ಮತ್ತು ಗುಡೆನಫ್. ನಡುವಿನ ಹೆಸರು ನಮ್ಮ ಕಿವಿಗೆ ಎಷ್ಟು ಹತ್ತಿರವೆಂದು ಬೇರೆ ಹೇಳಬೇಕಿಲ್ಲ. ಜಾನ್ ಗುಡೆನಫ್ ಅವರಿಗೆ ಲಿಥಿಯಂ ಬ್ಯಾಟರಿಗಳ ಒಟ್ಟು ಕಾರ್ಯಕ್ಕಾಗಿ 2019ರಲ್ಲಿ, ತಮ್ಮ ತೊಂಬತ್ತೇಳನೆಯ ವಯಸ್ಸಿನಲ್ಲಿ, ನೊಬೆಲ್ ಪಾರಿತೋಷಕ ದೊರೆಯಿತು. ಮುಪ್ಪಿನ ಮಾತೆತ್ತಿದಾಗಲೆಲ್ಲ ನಾವು ಅಕ್ಕನಿಗೆ ಈ ಸಂಗತಿಯನ್ನು ನೆನಪಿಸುವುದುಂಟು.

ಫೋನುಗಳಲ್ಲಿರುವ ಬಗೆಯ ಲಿಥಿಯಂ ಬ್ಯಾಟರಿಗಳಿಗಿಂತ ಇದರ ಸ್ವಭಾವ ಶಾಂತವಾದುದು. ಫಾಸ್ಫೇಟಿನ ಹೆಣಿಗೆಯಲ್ಲಿ ಆಮ್ಲಜನಕವು ಬಿಗಿಯಾಗಿ ಬಂಧಿತವಾಗಿರುವುದರಿಂದ ಬೆಂಕಿ ಹತ್ತುವ ಭಯ ಕಡಿಮೆ. ಭಯ ಕಡಿಮೆಯೆಂದರೆ ಇಲ್ಲವೇ ಇಲ್ಲವೆಂದಲ್ಲ. 3.2 ವೋಲ್ಟಿನ ನಾಲ್ಕು ಕೋಶಗಳು ಸಾಲಾಗಿ ಕೂಡಿ 12.8 ವೋಲ್ಟ್, 200 ಆಂಪ್-ಅವರ್ ಎಂದರೆ 2,560 ವ್ಯಾಟ್-ಅವರ್. ತೂಕ ಇಪ್ಪತ್ತೈದು ಕಿಲೋದೊಳಗೆ. ಪ್ರತಿ ಕೋಶವನ್ನೂ ಕಾಯುವ ಬಿ.ಎಂ.ಎಸ್. ಎಂಬ ಕಾವಲು ಯಂತ್ರವು ಒಳಗೇ ಇದೆ. ನೂರಕ್ಕೆ ಎಂಬತ್ತು ಬಳಸಿದರೂ ಎರಡು ದಿನಕ್ಕೆ ಸಾಲುತ್ತದೆ. ಹಿಮದೇಶಗಳಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜು ಮಾಡಬಾರದೆಂದು ಹೆದರುತ್ತಾರೆ. ನಮ್ಮಲ್ಲಿ ಹೆದರಬೇಕಾದುದು ಸೆಖೆಗೆ. ಹಾಗಾಗಿ ಬ್ಯಾಟರಿಯು ಎಂಜಿನ್ನಿನಿಂದ ದೂರ, ಮಂಚದ ಕೆಳಗೆ, ಗಾಳಿಯಾಡುವಲ್ಲಿ, ಪಟ್ಟಿ ಬಿಗಿದು ಕೂತಿದೆ.

ಹೊಲದ ಫಸಲು ಎರಡು ಕಡೆಯಿಂದ. ಛಾವಣಿಯ ಮೇಲೆ 200 ವ್ಯಾಟಿನ ಎರಡು ಸೌರ ಫಲಕಗಳು. ನಮ್ಮ ಸೀಮೆಯಲ್ಲಿ ದಿನಕ್ಕೆ ಐದು ತಾಸಿನ ಪೂರ್ಣ ಬಿಸಿಲೆಂದು ಲೆಕ್ಕ ಹಿಡಿದರೂ, ಮಲಗಿಸಿದ ಫಲಕ, ಧೂಳು, ಕಾವು ಇವುಗಳಿಂದಾಗಿ ನೂರಕ್ಕೆ ಮೂವತ್ತು ಕಳೆದು 1,400 ವ್ಯಾಟ್-ಅವರ್ ಬಂದೀತು. ಬಿಸಿಲು ಹೆಚ್ಚಾದಷ್ಟೂ ಫಲ ಹೆಚ್ಚೆಂದು ಎಣಿಸಬಾರದು. ಫಲಕವು ಕಾದು 60 ಡಿಗ್ರಿ ಮುಟ್ಟಿದಾಗ ಅದರ ಶಕ್ತಿಯು ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಗ್ಗಿರುತ್ತದೆ. ಇನ್ನೊಂದು ಫಸಲು ಗಾಡಿಯ ಸ್ವಂತ ಆಲ್ಟರ್ನೇಟರಿನದು. ಅದನ್ನು ನೇರವಾಗಿ ಲಿಥಿಯಂ ಬ್ಯಾಟರಿಗೆ ಕಟ್ಟಿಬಿಟ್ಟರೆ, ಹಸಿದ ಎತ್ತು ಗೋದಲಿಗೆ ನುಗ್ಗಿದಂತೆ ಬ್ಯಾಟರಿಯು ಪ್ರವಾಹವನ್ನು ಸೆಳೆದು ಆಲ್ಟರ್ನೇಟರನ್ನೇ ಸುಟ್ಟೀತು. ನಡುವೆ ಡಿ.ಸಿ.-ಡಿ.ಸಿ. ಚಾರ್ಜರ್ ಎಂಬ ಮಧ್ಯಸ್ಥನಿರಬೇಕು. ನಮ್ಮವನದು 30 ಆಂಪಿಯರಿನದು. ಎಂಜಿನ್ನು ಓಡುತ್ತಿರುವಷ್ಟು ಹೊತ್ತು ಮಾತ್ರ ಕೊಡುತ್ತದೆ, ನಿಂತೊಡನೆ ಬಾಗಿಲು ಮುಚ್ಚುತ್ತದೆ. ಆದುದರಿಂದ ರಾತ್ರಿಯೆಲ್ಲ ಫ್ಯಾನು ತಿರುಗಿದರೂ ಗಾಡಿಯನ್ನು ಶುರುಮಾಡುವ ಬ್ಯಾಟರಿ ಬರಿದಾಗದು.

ಈ ಎಲ್ಲ ಲೆಕ್ಕ ಸರಿಯಾಗಿದ್ದೂ ಹಿತ್ತಿಲಿನಲ್ಲಿ ಪರೀಕ್ಷೆಗೆಂದು ಮಲಗಿದ ಮೂರನೆಯ ರಾತ್ರಿ ತಂಪುಪೆಟ್ಟಿಗೆ ನಿಂತುಹೋಯಿತು. ಬ್ಯಾಟರಿ ನೂರಕ್ಕೆ ತೊಂಬತ್ತು ತುಂಬಿತ್ತು. ಪೆಟ್ಟಿಗೆ ಮಾತ್ರ ವೋಲ್ಟೇಜು ಸಾಲದೆಂದು ಕೆಂಪು ದೀಪ ತೋರಿಸುತ್ತಿತ್ತು. ಬೆಳಿಗ್ಗೆ ಅಳಿಯನು ಮೀಟರು ಹಿಡಿದು ಕೂತನು. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿ.ಮೀ. ತಂತಿಯನ್ನೇ ಅವನು ಇಲ್ಲಿಗೂ ಎಳೆದಿದ್ದನು. ಹೋಗಲು ಐದು ಮೀಟರು, ಬರಲು ಐದು ಮೀಟರು. ಐದು ಆಂಪಿಯರ್ ಹರಿದಾಗ ಅಷ್ಟು ತಂತಿಯಲ್ಲಿಯೇ 0.58 ವೋಲ್ಟ್ ಕಳೆದುಹೋಗುತ್ತದೆ. ಮನೆಯ 230 ವೋಲ್ಟಿನಲ್ಲಿ ಅರ್ಧ ವೋಲ್ಟು ಲೆಕ್ಕಕ್ಕಿಲ್ಲ. 12 ವೋಲ್ಟಿನಲ್ಲಿ ಅದು ನೂರಕ್ಕೆ ಐದರಷ್ಟು! ಅದರ ಮೇಲೆ ಒಂದು ಜೋಡಣೆ ಸಡಿಲವಿತ್ತು. ಕಂಪ್ರೆಸರು ಶುರುವಾಗುವ ಕ್ಷಣದಲ್ಲಿ ಪ್ರವಾಹ ಇನ್ನೂ ಹೆಚ್ಚು. ಬ್ಯಾಟರಿಯನ್ನು ಕಾಯಲೆಂದು ಪೆಟ್ಟಿಗೆಯೊಳಗೆ ಇಟ್ಟ ರಕ್ಷಣೆಯು, ಬ್ಯಾಟರಿಯೇ ಬರಿದಾಗಿದೆಯೆಂದು ತಿಳಿದು ಬಾಗಿಲು ಹಾಕಿತ್ತು. 4 ಚದರ ಮಿ.ಮೀ. ತಂತಿಯನ್ನು ಎಳೆದು, ತುದಿಗಳನ್ನು ಸರಿಯಾದ ಇಕ್ಕಳದಿಂದ ಒತ್ತಿ ಬಿಗಿದ ಮೇಲೆ ನಷ್ಟವು 0.22ಕ್ಕೆ ಇಳಿಯಿತು, ಪೆಟ್ಟಿಗೆ ಮತ್ತೆ ನಿಂತಿಲ್ಲ. ಆ ರಾತ್ರಿ ಒಳಗಿದ್ದದ್ದು ಮೊಸರು ಮಾತ್ರ, ಔಷಧವಲ್ಲ. ಸ್ವತಃ ಗಾಡಿ ಕಟ್ಟುವವರು ಹೊರಡುವ ಮೊದಲು ಮನೆಯಂಗಳದಲ್ಲಿಯೇ ಒಂದು ವಾರ ಮಲಗಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿ.

ತಂತಿಯ ಮಾತಿನೊಂದಿಗೆ ಫ್ಯೂಸಿನ ಮಾತು. ಇಷ್ಟು ಬಲದ ಬ್ಯಾಟರಿಯ ಎರಡು ತುದಿಗಳ ನಡುವೆ ಸ್ಪ್ಯಾನರೊಂದು ಬಿದ್ದರೆ ಅದು ಕೆಂಪಗೆ ಕಾದು ಬೆಸೆದುಕೊಳ್ಳುತ್ತದೆ. ಆದುದರಿಂದ ಧನ ತುದಿಗೆ ಆದಷ್ಟು ಹತ್ತಿರದಲ್ಲಿಯೇ ಮುಖ್ಯ ಫ್ಯೂಸು ಇರಬೇಕು; ಪ್ರತಿ ಕವಲಿಗೂ ತಂತಿಯ ತಾಳಿಕೆಗೆ ತಕ್ಕ ಬೇರೆ ಫ್ಯೂಸು. ಫ್ಯೂಸು ಕಾಯುವುದು ತಂತಿಯನ್ನು. ಅದು ಮೇಲಿಂದ ಮೇಲೆ ಹೋಗುತ್ತದೆಂದು ದಪ್ಪದ್ದನ್ನು ಹಾಕುವುದು ನಮ್ಮ ಊರುಗಳ ಕೆಟ್ಟ ಚಾಳಿ. ಮಲಗುವ ಜಾಗದಲ್ಲಿ ಅದು ಪ್ರಾಣಕ್ಕೆ ಎರವಾದೀತು.

ಅಡುಗೆ ಗಾಡಿಯ ಹೊರಗೆ, ಮಡಚುವ ಮೇಜಿನ ಮೇಲೆ, 5 ಕಿಲೋ ಸಿಲಿಂಡರಿನ ಒಲೆಯಲ್ಲಿ. ಅಡುಗೆ ಅನಿಲವು ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದಲ್ಲಿ ನಿಲ್ಲುತ್ತದೆ. ಹಾಗಾಗಿ ಸಿಲಿಂಡರು ನೆಟ್ಟಗೆ ನಿಲ್ಲುವ ಗೂಡಿನ ತಳದಲ್ಲಿ ಹೊರಕ್ಕೆ ತೂತಿದೆ. ಮಳೆಯೆಂದು ಒಳಗೆ ಕಿಟಕಿ ಮುಚ್ಚಿ ಒಲೆ ಹೊತ್ತಿಸಿದರೆ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮೊದಲ ಪಯಣ ಮೇ ತಿಂಗಳಲ್ಲಿ, ಕೂಡಲಸಂಗಮ, ವಿಜಯಪುರ, ಬಸವಕಲ್ಯಾಣಗಳ ಕಡೆಗೆ. ಅಕ್ಕ, ಅಳಿಯ, ಅವನ ಹೆಂಡತಿ, ಮತ್ತು ಹಿಂದಿನ ಕುರ್ಚಿಯಲ್ಲಿ ನಾವು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದರೆ ಕೆಟ್ಟಿತು. ಆದುದರಿಂದ ಅಳಿಯನು ಸೀಸೆಗಳನ್ನು ಪೆಟ್ಟಿಗೆಯ ತಣ್ಣನೆಯ ಗೋಡೆಗೆ ತಾಗದಂತೆ ಡಬ್ಬಿಯೊಂದರಲ್ಲಿಟ್ಟು, ಪಕ್ಕದಲ್ಲಿ ತಾಪಮಾಪಕವನ್ನು ತೂಗಿಬಿಟ್ಟಿದ್ದನು. ಅಕ್ಕನವರು ತಮ್ಮ ಕಡೆಯಿಂದ ಒಂದು ಮಣ್ಣಿನ ಗಡಿಗೆ, ಒದ್ದೆ ಬಟ್ಟೆಯನ್ನೂ ತಂದಿದ್ದರು. ಯಂತ್ರ ಕೈಕೊಟ್ಟರೆ ಒಂದೆರಡು ದಿನ ಅದರ ತಂಪೇ ಆಧಾರವಾದೀತೆಂದು ಅಳಿಯನೂ ಒಪ್ಪಿ ಜಾಗ ಕೊಟ್ಟನು.

ಕೂಡಲಸಂಗಮದ ಮೊದಲ ರಾತ್ರಿ ಸಂಜೆಗೆ ನೂರಕ್ಕೆ 96 ಇದ್ದ ಬ್ಯಾಟರಿ ಬೆಳಗಿಗೆ 72. ಚೀಟಿಯ ಲೆಕ್ಕಕ್ಕೂ ಇದಕ್ಕೂ ಕೂದಲೆಳೆಯ ಅಂತರವಿರಲಿಲ್ಲ. ಎರಡನೆಯ ದಿನ ವಿಜಯಪುರದ ಹೊರಗೆ ಬಿಸಿಲು ಉರಿಯುತ್ತಿತ್ತು. ಬಯಲಲ್ಲಿ ನಿಂತರೆ ಫಲಕಕ್ಕೆ ಊಟ, ಒಳಗಿನವರಿಗೆ ಒಲೆ. ಹುಣಸೆಮರದ ಕೆಳಗೆ ನಿಂತರೆ ಅಕ್ಕನಿಗೆ ನಿದ್ದೆ, ಫಲಕಕ್ಕೆ ಉಪವಾಸ. ಫಲಕದ ಒಂದು ಮೂಲೆಗೆ ಕೊಂಬೆಯ ನೆರಳು ಬಿದ್ದರೂ ಫಸಲು ಬಹುಪಾಲು ಕುಸಿಯುತ್ತದೆ. ಮರದ ಕೆಳಗೇ ನಿಂತೆವು. ಮಧ್ಯಾಹ್ನವೂ ಫ್ಯಾನು ತಿರುಗಿದ್ದರಿಂದ ಮರುದಿನ ಬೆಳಗಿಗೆ ಬ್ಯಾಟರಿ 48 ತೋರಿಸಿತು. ಅಳಿಯನ ಮುಖ ಸ್ವಲ್ಪ ಬಾಡಿತ್ತು. ಮೂರು ತಾಸು ಬಸವಕಲ್ಯಾಣದ ದಾರಿಯಲ್ಲಿ ಓಡಿದ ಮೇಲೆ 85ರ ಆಸುಪಾಸಿಗೆ ಏರಿತು. ನಾಲ್ಕು ರಾತ್ರಿಗಳಲ್ಲಿ ತಾಪಮಾಪಕ ಎಂಟನ್ನು ಮೀರಲಿಲ್ಲ. ಗಡಿಗೆಯಲ್ಲಿ ನಾವು ಕುಡಿಯುವ ನೀರು ತುಂಬಿಸಿದೆವು. ನಡುರಾತ್ರಿ ಅಕ್ಕನವರು ಯಾರನ್ನೂ ಎಬ್ಬಿಸದೆ, ಹಿಡಿಕೆ ಹಿಡಿದು, ತಾವೇ ಎದ್ದು ಹೋಗಿಬರುತ್ತಿದ್ದ ಸಪ್ಪಳ ನಮಗೆ ಕೇಳುತ್ತಿತ್ತು.

ತಂಗುವ ತಾಣಗಳ ಕುರಿತು ಒಂದು ಕಹಿಮಾತು. ಪರದೇಶಗಳಂತೆ ನಮ್ಮಲ್ಲಿ ಇಂತಹ ಗಾಡಿಗಳಿಗೆ ನೀರು, ವಿದ್ಯುತ್ತು, ಮಲಿನ ವಿಸರ್ಜನೆಯ ಸೌಕರ್ಯವಿರುವ ನಿಲ್ದಾಣಗಳು ವಿರಳ. ಕೇರಳ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮದ ನೀತಿಯೊಂದನ್ನು ಹೊರತಂದಿತು. ನಾವಾದರೋ ಪೆಟ್ರೋಲ್ ಬಂಕು, ಢಾಬಾ, ಮಠದ ಅಂಗಳಗಳನ್ನೇ ಆಶ್ರಯಿಸಬೇಕು. ಮಠದವರು ಇಲ್ಲವೆನ್ನುವುದಿಲ್ಲ. ಆದರೆ ಬೆಳಿಗ್ಗೆ ಸಾಬೂನು ನೀರನ್ನು ಅಂಗಳದಲ್ಲೇ ಹರಿಬಿಟ್ಟು, ಪ್ಲಾಸ್ಟಿಕ್ ತಟ್ಟೆಗಳನ್ನು ಬೇಲಿಗೆಸೆದು ಹೋದ ಗಾಡಿಯವರನ್ನೂ ನಾವು ಕಂಡಿದ್ದೇವೆ. ಮುಂದೆ ಬರುವವರಿಗೆ ಬಾಗಿಲು ಮುಚ್ಚಿದರೆ ಅದು ಇಂಥವರ ಪುಣ್ಯ. ನಮ್ಮ ಗಾಡಿಯ ಕಮೋಡಿನ ಕೆಳಗೆ ಬಿಗಿಮುಚ್ಚಳದ ತೊಟ್ಟಿಯಿದೆ. ಅದನ್ನು ಶೌಚಾಲಯದಲ್ಲಿ ಸುರಿದು ತೊಳೆಯುವ ಕೆಲಸವನ್ನು ಅಳಿಯನು ದಿನವೂ ತಾನೇ ಮಾಡಿದನು.

ಈಗ ಅಕ್ಕನವರಿಗೆ ಉಳವಿಯ ಜಾತ್ರೆಯನ್ನು ನೋಡಬೇಕಾಗಿದೆ. ಮದುವೆಯಾದ ಹೊಸತರಲ್ಲಿ ಮಾವನವರ ಬಂಡಿಯಲ್ಲಿ ಹೋಗಿದ್ದರಂತೆ. ಜೋಯಿಡಾ ತಾಲ್ಲೂಕಿನ ಆ ದಟ್ಟ ಕಾಡಿನಲ್ಲಿ ಮೂರು ದಿನ ಮರಗಳ ಕೆಳಗೆ ನಿಂತರೆ ಛಾವಣಿಯ ಫಲಕಗಳಿಂದ ಬರುವುದು ಅಲ್ಪ. ಗಾಡಿ ಓಡುವುದೂ ಇಲ್ಲ. ಕಣಜವೋ ಎರಡೇ ದಿನದ್ದು. ಮಾಘದ ಚಳಿಯಲ್ಲಿ ಫ್ಯಾನಿನ ಖರ್ಚು ಉಳಿದು, ಪೆಟ್ಟಿಗೆಯೂ ಕಡಿಮೆ ಓಡಿ, ದಿನಕ್ಕೆ 600ರಲ್ಲಿ ಮುಗಿದೀತೆಂಬುದು ಅಳಿಯನ ಅಂದಾಜು. ಹಾಗಾದರೆ ಮೂರು ದಿನ ಹೇಗೋ ಸಾಗುತ್ತದೆ. ಆದರೂ ಅವನು ಮಡಚಿ ಒಯ್ಯಬಹುದಾದ ನೂರು ವ್ಯಾಟಿನ ಬಿಡಿ ಫಲಕವೊಂದನ್ನು ತಂದಿದ್ದಾನೆ. ಗಾಡಿ ನೆರಳಿನಲ್ಲಿ, ಫಲಕ ಹತ್ತು ಮೀಟರು ಆಚೆಯ ಬಿಸಿಲಿನಲ್ಲಿ. ತಂತಿ ಈ ಸಲ ಮೊದಲೇ 4 ಚದರ ಮಿ.ಮೀ.ನದು.